ನಲವತ್ತರ ಆಸುಪಾಸಿನಲ್ಲಿ ಪ್ರೋಗ್ರಾಮಿಂಗ್: ಕಲಿಕೆಯ ದಾರಿ ಆರಿಸಿಕೊಳ್ಳುವುದು ಹೇಗೆ?

ಹದಿನೈದು ಇಪ್ಪತ್ತು ವರ್ಷ ಒಂದೇ ವೃತ್ತಿಯಲ್ಲಿ ದುಡಿದವರು ಪ್ರೋಗ್ರಾಮಿಂಗ್ ಕಡೆಗೆ ಹೊರಳಬೇಕೆಂದು ಮನಸ್ಸು ಮಾಡಿದಾಗ ಬಾಯಿಗೆ ಬರುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಯಾವ ಕೋರ್ಸ್ ಸೇರಲಿ?" ನಲವತ್ತೊಂದನೆಯ ವಯಸ್ಸಿನಲ್ಲಿ, ಲೆಕ್ಕಪತ್ರ ವಿಭಾಗದಲ್ಲಿದ್ದಾಗ, ನಾನೂ ಇದನ್ನೇ ಕಂಡಕಂಡವರಲ್ಲಿ ಕೇಳಿದ್ದೆ. ಒಬ್ಬರು ಪದವಿ ಇಲ್ಲದೆ ಆಗುವುದಿಲ್ಲ ಎಂದರು, ಇನ್ನೊಬ್ಬರು ಮೂರು ತಿಂಗಳ ಬೂಟ್‌ಕ್ಯಾಂಪ್ (ಕಡಿಮೆ ಅವಧಿಯ ಬಿರುಸಿನ ತರಬೇತಿ) ಸಾಕು ಎಂದರು, ಮತ್ತೊಬ್ಬರು ಎಲ್ಲವೂ ಅಂತರಜಾಲದಲ್ಲಿ ಬಿಟ್ಟಿಯಾಗಿ ಬಿದ್ದಿರುವಾಗ ಹಣ ಏಕೆ ಕಳೆಯುತ್ತೀರಿ ಎಂದರು. ಮೂವರೂ ತಮ್ಮ ತಮ್ಮ ಪಾಲಿಗೆ ಸರಿಯಾದದ್ದನ್ನೇ ಹೇಳಿದ್ದರು. ನನ್ನ ಪಾಲಿಗೆ ಯಾವುದು ಸರಿ ಎಂದು ತಿಳಿಯಲು ಮಾತ್ರ ನನಗೆ ಎಂಟು ತಿಂಗಳು ಹಿಡಿಯಿತು.

ಈಗ ಕೋಡ್ ಬರೆದೇ ನನ್ನ ಸಂಸಾರ ನಡೆಯುತ್ತಿದೆ. ನಡುವಯಸ್ಸಿನಲ್ಲಿ ಹೀಗೆ ದಾರಿ ಬದಲಿಸಲು ಹೊರಟ ಹಲವರ ಜೊತೆ ಕುಳಿತು ಅವರವರ ಲೆಕ್ಕ ಹಾಕಿಕೊಟ್ಟಿದ್ದೇನೆ. ಅದರಿಂದ ನನಗೆ ಮನದಟ್ಟಾಗಿರುವುದು ಇಷ್ಟು: ಪ್ರೋಗ್ರಾಮಿಂಗ್ ಜ್ಞಾನ ಇಂದು ಬಹುತೇಕ ಪುಕ್ಕಟೆ ಸಿಗುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ಹಣ ತೆತ್ತಾಗ ನಮಗೆ ಸಿಗುವುದು ಬೇರೆ ನಾಲ್ಕು ವಸ್ತುಗಳು. ಒಂದು, ತಪ್ಪಿಸಲಾಗದ ಗಡುವು. ಎರಡು, ನಮ್ಮ ಕೋಡನ್ನು ಓದಿ ತಿದ್ದುವ ಕಣ್ಣು. ಮೂರು, ಉದ್ಯೋಗದಾತರು ಒಪ್ಪುವ ಕಾಗದ. ನಾಲ್ಕು, ಕೆಲಸ ಕೊಡಿಸಬಲ್ಲ ಪರಿಚಯ. ಇವುಗಳಲ್ಲಿ ನಿಮ್ಮ ಬಳಿ ಯಾವುದು ಇಲ್ಲವೋ ಅದನ್ನಷ್ಟೇ ಕೊಳ್ಳಬೇಕು. ಇರುವುದಕ್ಕೇ ಮತ್ತೆ ದುಡ್ಡು ಸುರಿದು ಬಸವಳಿದವರನ್ನು ನಾನು ಕಂಡಿದ್ದೇನೆ. ಆ ಸಂಕಟ ನಿಮಗೆ ಬರಬಾರದೆಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ನಿಮ್ಮ ಕೈಯಲ್ಲಿರುವ ಗಂಟೆಗಳನ್ನು ಎಣಿಸಿ

ಎರಡು ವಾರ ಒಂದು ಚಿಕ್ಕ ಪುಸ್ತಕವನ್ನು ಜೊತೆಯಲ್ಲಿಟ್ಟುಕೊಳ್ಳಿ. ದಿನವೂ ಮಲಗುವ ಮುನ್ನ, ಆ ದಿನ ತಲೆ ಚುರುಕಾಗಿದ್ದು ಬೇರೆ ಯಾವ ಹೊಣೆಯೂ ಇಲ್ಲದ ಸಮಯ ಎಷ್ಟು ಸಿಕ್ಕಿತು ಎಂದು ಬರೆಯಿರಿ. ಕುರ್ಚಿಯಲ್ಲಿ ಕುಳಿತು ತೂಕಡಿಸಿದ ಹೊತ್ತು ಲೆಕ್ಕಕ್ಕಿಲ್ಲ. ವಾರಕ್ಕೆ ಇಪ್ಪತ್ತು ಗಂಟೆ ಸುಲಭವಾಗಿ ಹೊಂದಿಸಬಹುದೆಂದು ನನಗೆ ಅನಿಸಿತ್ತು. ಬರೆದು ನೋಡಿದಾಗ ಒಂಬತ್ತು ಗಂಟೆ ಸಿಕ್ಕಿತು.

ಆ ಸಂಖ್ಯೆ ಕಂಡು ಕುಗ್ಗಬೇಡಿ. ವಾರಕ್ಕೆ 10 ಗಂಟೆಯಂತೆ ವರ್ಷದಲ್ಲಿ 50 ವಾರ ಕುಳಿತರೆ 500 ಗಂಟೆಯಾಯಿತು. ಕೆಲಸ ಬಿಟ್ಟು ಸೇರುವ 12 ವಾರಗಳ ಪೂರ್ಣಾವಧಿ ಬೂಟ್‌ಕ್ಯಾಂಪ್‌ನಲ್ಲಿ ವಾರಕ್ಕೆ 45 ಗಂಟೆ ಕಲಿತರೂ ಒಟ್ಟು 540 ಗಂಟೆ. ಅಂದರೆ ಸಂಬಳ ನಿಲ್ಲಿಸಿ ಮೂರು ತಿಂಗಳಲ್ಲಿ ಮಾಡುವುದನ್ನು ಸಂಬಳ ಉಳಿಸಿಕೊಂಡು ಒಂದು ವರ್ಷದಲ್ಲಿ ಮಾಡಬಹುದು. ನಡುವಯಸ್ಸಿನವರಿಗೆ ಈ ಲೆಕ್ಕ ಬಹಳ ಮುಖ್ಯ. ಅವಸರ ಯಾರದು, ಅವಸರಕ್ಕೆ ತೆರಬೇಕಾದ ಬೆಲೆ ಎಷ್ಟು ಎಂಬುದು ಇದರಿಂದ ಕಣ್ಣಿಗೆ ಕಟ್ಟುತ್ತದೆ.

ಹಣದ ವಿಷಯದಲ್ಲಿಯೂ ಜನ ಶುಲ್ಕವನ್ನಷ್ಟೇ ನೋಡುತ್ತಾರೆ. ಕೆಲಸ ಬಿಟ್ಟು ಕಲಿಯುವುದಾದರೆ ಶುಲ್ಕಕ್ಕಿಂತ ದೊಡ್ಡ ಖರ್ಚು ನಿಂತುಹೋಗುವ ಸಂಬಳ. ಕೋರ್ಸ್‌ನ ಅವಧಿಗೆ ಇನ್ನೂ ಆರು ತಿಂಗಳು ಸೇರಿಸಿ, ಅಷ್ಟು ಕಾಲ ಮನೆ ನಡೆಸಲು ಉಳಿತಾಯ ಇದೆಯೇ ನೋಡಿ. ಕೋರ್ಸ್ ಮುಗಿದ ಮರುದಿನವೇ ಕೆಲಸ ಕಾದಿರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ: ಆ ಉಳಿತಾಯ ಇಲ್ಲದಿದ್ದರೆ ಪೂರ್ಣಾವಧಿಯ ದಾರಿಯನ್ನು ಪಟ್ಟಿಯಿಂದ ಈಗಲೇ ಹೊಡೆದುಹಾಕಿ.

ಮನೆಯವರೊಡನೆ ಮಾತನಾಡುವಾಗ "ನನಗೆ ಓದಲು ಸಮಯ ಬೇಕು" ಎಂದು ಹೇಳಿದರೆ ಸಾಲದು. "ಮಂಗಳವಾರ, ಗುರುವಾರ ರಾತ್ರಿ ಎರಡೆರಡು ಗಂಟೆ, ಭಾನುವಾರ ಬೆಳಿಗ್ಗೆ ಐದು ಗಂಟೆ, ಹದಿನಾಲ್ಕು ತಿಂಗಳು" ಎಂದು ಕೇಳಿ. ಇಷ್ಟು ಸ್ಪಷ್ಟವಾಗಿ ಕೇಳಿದಾಗ ಮನೆಯವರು ಯೋಚಿಸಿ ಒಪ್ಪಬಹುದು, ಅಥವಾ ಆಗುವುದಿಲ್ಲ ಎನ್ನಬಹುದು. ಎರಡೂ ನಿಮಗೆ ಮೊದಲೇ ತಿಳಿದಿರಬೇಕಾದ ಉತ್ತರಗಳು.

ಹೆಜ್ಜೆ 2: ಕೋರ್ಸ್ ಹುಡುಕುವ ಮೊದಲು ಕೆಲಸವನ್ನು ಹುಡುಕಿ

ಪ್ರೋಗ್ರಾಮರ್ ಎಂಬ ಒಂದು ಪದದ ಅಡಿಯಲ್ಲಿ ಹತ್ತಾರು ವೃತ್ತಿಗಳಿವೆ. ಜಾಲತಾಣಗಳ ಕಣ್ಣಿಗೆ ಕಾಣುವ ಭಾಗವನ್ನು ಕಟ್ಟುವವರು, ಅದರ ಹಿಂದೆ ಸರ್ವರ್ ಕಡೆಯ ಕೆಲಸ ನೋಡುವವರು, ದತ್ತಾಂಶವನ್ನು ಶುದ್ಧಗೊಳಿಸಿ ವಿಶ್ಲೇಷಿಸುವವರು, ಮೊಬೈಲ್ ಆಪ್ ಬರೆಯುವವರು, ಸಾಫ್ಟ್‌ವೇರ್ ಪರೀಕ್ಷೆಯನ್ನು ಸ್ವಯಂಚಾಲಿತಗೊಳಿಸುವವರು, ಯಂತ್ರಗಳ ಒಳಗಿನ ಚಿಪ್‌ಗಳಿಗೆ ಕೋಡ್ ಬರೆಯುವವರು. ಒಂದಕ್ಕೆ ಬೇಕಾದ ತಯಾರಿ ಇನ್ನೊಂದಕ್ಕೆ ಸಾಲದು.

ನೀವು ಕೆಲಸ ಮಾಡಲು ಸಾಧ್ಯವಿರುವ ಪ್ರದೇಶದ ಉದ್ಯೋಗ ಜಾಹೀರಾತುಗಳಲ್ಲಿ ಮೂವತ್ತನ್ನು ಆರಿಸಿ, ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಬರೆದುಕೊಳ್ಳಿ. ಯಾವ ಭಾಷೆ ಕೇಳುತ್ತಾರೆ, ಪದವಿ ಕಡ್ಡಾಯವೇ, ಎಷ್ಟು ವರ್ಷದ ಅನುಭವ ಬೇಕು, ಯಾವ ಉದ್ಯಮ. ಇದಕ್ಕೆ ಒಂದು ಭಾನುವಾರ ಸಾಕು. ಮೂವತ್ತರಲ್ಲಿ ಇಪ್ಪತ್ತು ಜಾಹೀರಾತುಗಳು ಕಂಪ್ಯೂಟರ್ ವಿಜ್ಞಾನದ ಪದವಿಯನ್ನೇ ಕೇಳುತ್ತಿದ್ದರೆ ನಿಮ್ಮ ದಾರಿಯ ಬಗ್ಗೆ ಅರ್ಧ ತೀರ್ಮಾನ ಆದಂತೆಯೇ.

ಅದೇ ಹಾಳೆಯಲ್ಲಿ ಇನ್ನೊಂದು ಕಾಲಂ ಇರಲಿ: ನನ್ನ ಹಳೆಯ ವೃತ್ತಿಯ ತಿಳಿವಳಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ? ಶುಶ್ರೂಷಕಿಯಾಗಿದ್ದವರಿಗೆ ರೋಗಿಗಳ ದಾಖಲೆ ನಿರ್ವಹಿಸುವ ತಂತ್ರಾಂಶದಲ್ಲಿ ಎಲ್ಲಿ ಎಡವಟ್ಟಾಗುತ್ತದೆ ಎಂದು ಗೊತ್ತು. ಗೋದಾಮು ನೋಡಿಕೊಂಡವರಿಗೆ ದಾಸ್ತಾನಿನ ಲೆಕ್ಕ ಏಕೆ ಹೊಂದುವುದಿಲ್ಲ ಎಂದು ಗೊತ್ತು. ಇಪ್ಪತ್ತೆರಡು ವರ್ಷದ ಪದವೀಧರರ ಜೊತೆ ಕೋಡ್ ಬರೆಯುವ ವೇಗದಲ್ಲಿ ಸ್ಪರ್ಧಿಸಲು ಹೋಗಬೇಡಿ. ನಿಮಗೆ ತಿಳಿದಿರುವುದು ಅವರಿಗೆ ಇನ್ನೂ ತಿಳಿದಿಲ್ಲದ ಜಾಗದಲ್ಲಿ ನಿಲ್ಲಿ.

ಇಷ್ಟಾದ ಮೇಲೆ ಯಾವ ಭಾಷೆ ಎಂಬ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ಬ್ರೌಸರ್‌ನಲ್ಲಿ ಕಾಣುವ ಕೆಲಸಕ್ಕಾದರೆ ಜಾವಾಸ್ಕ್ರಿಪ್ಟ್. ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಅದರ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ಬರೆದರು, ಇಂದಿಗೂ ಬ್ರೌಸರ್‌ಗಳೆಲ್ಲ ಅದನ್ನೇ ಆಡುತ್ತವೆ. ದತ್ತಾಂಶ, ಸ್ವಯಂಚಾಲನೆಗೆ ಪೈಥಾನ್; ಗೀಡೊ ವಾನ್ ರೋಸಮ್ 1991ರಲ್ಲಿ ಬಿಡುಗಡೆ ಮಾಡಿದ ಈ ಭಾಷೆಯನ್ನು ಕಣ್ಣಿಗೆ ಓದಲು ಹಗುರವಾಗಿರಲಿ ಎಂದೇ ರೂಪಿಸಲಾಗಿದೆ. ಯಂತ್ರದ ಚಿಪ್‌ಗಳಿಗಾದರೆ ಸಿ ಎಂಬ ಭಾಷೆ. ಬಹುತೇಕ ಯಾವ ದಿಕ್ಕಿಗೆ ಹೋದರೂ ಕೂಡಿಟ್ಟ ದತ್ತಾಂಶದಿಂದ ಬೇಕಾದದ್ದನ್ನು ಕೇಳಿ ಪಡೆಯುವ ಎಸ್‌ಕ್ಯೂಎಲ್ ಬೇಕು. 1970ರಲ್ಲಿ ಎಡ್ಗರ್ ಕಾಡ್ ಮಂಡಿಸಿದ ಸಂಬಂಧಾತ್ಮಕ ದತ್ತಾಂಶದ (ಮಾಹಿತಿಯನ್ನು ಒಂದಕ್ಕೊಂದು ನಂಟಿರುವ ಕೋಷ್ಟಕಗಳಲ್ಲಿ ಇಡುವ) ಕಲ್ಪನೆಯಿಂದ ಹುಟ್ಟಿದ ಈ ಭಾಷೆ ಬ್ಯಾಂಕು, ಆಸ್ಪತ್ರೆ, ಅಂಗಡಿ ಎಲ್ಲ ಕಡೆ ಇನ್ನೂ ದುಡಿಯುತ್ತಿದೆ. ಸ್ಪ್ರೆಡ್‌ಶೀಟ್‌ನಲ್ಲಿ ಪಳಗಿದವರಿಗೆ ಇದು ಎಲ್ಲಕ್ಕಿಂತ ಬೇಗ ಕೈಹಿಡಿಯುತ್ತದೆ. ನಡುವಯಸ್ಸಿನವರು ಮೊದಲು ಇದನ್ನೇ ಕಲಿಯಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಜ್ಜೆ 3: ಹಣ ಕೊಡದೆ ಹತ್ತು ವಾರ ಕಲಿಯಿರಿ

ಯಾವ ಸಂಸ್ಥೆಗೂ ಒಂದು ಕಾಸೂ ಕೊಡುವ ಮೊದಲು ಹತ್ತು ವಾರ ಉಚಿತವಾಗಿ ಸಿಗುವ ಒಂದೇ ಒಂದು ಕೋರ್ಸನ್ನು ಹಿಡಿದು ಕುಳಿತುಕೊಳ್ಳಿ. ಡೇವಿಡ್ ಮಲಾನ್ ನಡೆಸುವ ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಎಂಬ ಕಂಪ್ಯೂಟರ್ ವಿಜ್ಞಾನದ ಆರಂಭಿಕ ಕೋರ್ಸಿನ ಪಾಠಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು, ಲೆಕ್ಕಗಳನ್ನು ಬಿಡಿಸಬಹುದು. ಅದು ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಕಟ್ಟುವ ಸ್ಕ್ರ್ಯಾಚ್‌ನಿಂದ ಆರಂಭವಾಗಿ ಸಿ ಭಾಷೆಯ ಮೂಲಕ ಪೈಥಾನ್, ಎಸ್‌ಕ್ಯೂಎಲ್‌ಗೆ ಬರುತ್ತದೆ. ಸಿ ಇರುವ ವಾರಗಳು ಕಡಿದಾಗಿವೆ, ಅಲ್ಲಿಯೇ ಬಹಳ ಜನ ಕೈಬಿಡುತ್ತಾರೆ. ಇನ್ನೂ ನಿಧಾನವಾಗಿ ಹೆಜ್ಜೆ ಹಾಕಬೇಕೆನ್ನುವವರಿಗೆ ಹೆಲ್ಸಿಂಕಿ ವಿಶ್ವವಿದ್ಯಾಲಯದ ಉಚಿತ ಪೈಥಾನ್ ಕೋರ್ಸ್ ಹಿತವೆನಿಸುತ್ತದೆ. ಅದರಲ್ಲಿ ಸಣ್ಣ ಸಣ್ಣ ಅಭ್ಯಾಸಗಳು ಹೇರಳವಾಗಿವೆ. ಜಾಲತಾಣ ಕಟ್ಟುವ ಕಡೆ ಒಲವಿದ್ದರೆ ಫ್ರೀಕೋಡ್‌ಕ್ಯಾಂಪ್ ಅಥವಾ ಓಡಿನ್ ಪ್ರಾಜೆಕ್ಟ್ ಎಂಬ ಉಚಿತ ಕಲಿಕಾ ತಾಣಗಳಿವೆ. ಫ್ರೀಕೋಡ್‌ಕ್ಯಾಂಪನ್ನು 2014ರಲ್ಲಿ ಆರಂಭಿಸಿದ ಕ್ವಿನ್ಸಿ ಲಾರ್ಸನ್ ಶಿಕ್ಷಣ ಕ್ಷೇತ್ರದಲ್ಲಿದ್ದು ಆಮೇಲೆ ಕೋಡಿಂಗ್ ಕಲಿತವರು.

ಒಂದನ್ನು ಹಿಡಿದರೆ ಅದನ್ನೇ ಮುಗಿಸಿ. ಎರಡು ದೋಣಿಯಲ್ಲಿ ಕಾಲಿಟ್ಟರೆ ಯಾವ ದಡವೂ ಸಿಗದು.

ಈ ಹತ್ತು ವಾರಗಳಲ್ಲಿ ನಿಮ್ಮನ್ನು ನೀವೇ ಗಮನಿಸಬೇಕಾದದ್ದು ಏನೆಂದು ಒಂದು ಪ್ರಸಂಗದ ಮೂಲಕ ಹೇಳುತ್ತೇನೆ. ಪೈಥಾನ್ ಕಲಿಯುವ ಮೊದಲ ದಿನಗಳಲ್ಲಿ ಎರಡು ಮೊತ್ತಗಳನ್ನು ಬಳಕೆದಾರರಿಂದ ಕೇಳಿ ಪಡೆದು ಕೂಡಿಸುವ ಮೂರು ಸಾಲಿನ ಪ್ರೋಗ್ರಾಂ ಬರೆಯುತ್ತೀರಿ. 250 ಎಂದು ಒತ್ತುತ್ತೀರಿ, ಆಮೇಲೆ 100 ಎಂದು ಒತ್ತುತ್ತೀರಿ. 350 ಬರಬೇಕು. ಪರದೆಯ ಮೇಲೆ 250100 ಎಂದು ಮೂಡುತ್ತದೆ. ಯಾವ ದೋಷ ಸಂದೇಶವೂ ಇಲ್ಲ, ಪ್ರೋಗ್ರಾಂ ತನ್ನ ಪಾಲಿಗೆ ಸರಿಯಾಗಿಯೇ ನಡೆದಿದೆ. ಕೀಲಿಮಣೆಯಿಂದ ಬಂದದ್ದೆಲ್ಲ ಪೈಥಾನ್‌ಗೆ ಬರಿಯ ಅಕ್ಷರಗಳ ಸರ. ಅಕ್ಷರಗಳ ಎರಡು ಸರಗಳನ್ನು ಕೂಡಿಸು ಎಂದರೆ ಅದು ಒಂದರ ಬಾಲಕ್ಕೆ ಇನ್ನೊಂದನ್ನು ಪೋಣಿಸುತ್ತದೆ. ಇದನ್ನು ಸಂಖ್ಯೆ ಎಂದು ತಿಳಿ ಎಂದು ನಾವೇ ಹೇಳಿಕೊಡಬೇಕು.

ಆ 250100 ಕಂಡಾಗ ನಿಮಗೆ ಏನನಿಸಿತು? "ಇದೆಂಥ ಕಿರಿಕಿರಿ" ಎಂದು ಪರದೆ ಮುಚ್ಚುವ ಮನಸ್ಸಾಯಿತೇ, ಅಥವಾ "ಇದು ಹೀಗೇಕೆ ಮಾಡಿತು" ಎಂದು ತಿಳಿಯದೆ ನಿದ್ದೆ ಬಾರದಂತಾಯಿತೇ? ಪ್ರೋಗ್ರಾಮರ್‌ನ ದಿನದ ಬಹುಪಾಲು ಇಂಥ 250100ಗಳ ಜಾಡು ಹಿಡಿಯುವುದರಲ್ಲಿಯೇ ಕಳೆಯುತ್ತದೆ. ಹತ್ತು ವಾರಗಳ ಕೊನೆಗೂ ಆ ಜಾಡು ಹಿಡಿಯುವ ಕೆಲಸ ಬೇಸರ ತರಿಸುತ್ತಿದ್ದರೆ, ಸಂಬಳ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಮುಂದುವರಿಯಬೇಡಿ. ಹತ್ತು ವಾರ ಹೋದದ್ದು ನಷ್ಟವಲ್ಲ. ಎಸ್‌ಕ್ಯೂಎಲ್ ಮತ್ತು ಸ್ವಲ್ಪ ಪೈಥಾನ್ ಬಲ್ಲವರಿಗೆ ಈಗಿನ ಕೆಲಸದಲ್ಲಿಯೇ ಬೆಲೆ ಹೆಚ್ಚುತ್ತದೆ.

ಹೆಜ್ಜೆ 4: ನಾಲ್ಕರಲ್ಲಿ ನಿಮಗೆ ಯಾವುದು ಇಲ್ಲ?

ಹತ್ತು ವಾರ ಮುಗಿದಾಗ ಆರಂಭದಲ್ಲಿ ಹೇಳಿದ ನಾಲ್ಕು ವಸ್ತುಗಳ ಪಟ್ಟಿಯನ್ನು ಮುಂದಿಟ್ಟುಕೊಳ್ಳಿ. ಆರನೆಯ ವಾರದಿಂದ ಪಾಠ ನಿಂತುಹೋಗಿದ್ದರೆ ನಿಮಗಿಲ್ಲದ್ದು ಗಡುವು. ಪಾಠ ಮುಗಿಸಿದ್ದೀರಿ, ಪ್ರೋಗ್ರಾಂ ಓಡುತ್ತದೆ, ಆದರೆ ಅದು ಒಳ್ಳೆಯ ಕೋಡೋ ಕೆಟ್ಟ ಕೋಡೋ ಹೇಳುವವರಿಲ್ಲ ಎಂದಾದರೆ ನಿಮಗಿಲ್ಲದ್ದು ತಿದ್ದುವ ಕಣ್ಣು. ಜಾಹೀರಾತಿನ ಹಾಳೆಯಲ್ಲಿ ಪದವಿ ಕಡ್ಡಾಯ ಎಂದು ಮತ್ತೆ ಮತ್ತೆ ಬಂದಿದ್ದರೆ ಕಾಗದ ಬೇಕು. ಈ ಕ್ಷೇತ್ರದಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲದಿದ್ದರೆ ಪರಿಚಯ ಬೇಕು.

ಗಡುವಿನ ಬಗ್ಗೆ ಒಂದು ಮಾತು. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸ್‌ಗಳ ಬಗ್ಗೆ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, 2017-18ರಲ್ಲಿ ಹೆಸರು ನೋಂದಾಯಿಸಿದವರಲ್ಲಿ ಕೋರ್ಸ್ ಮುಗಿಸಿದವರು ಶೇ. 3ರ ಸುಮಾರು. ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲಿ ಮುಗಿಸಿದವರು ಶೇ. 46. ಹಣ ಕಟ್ಟಿದವರು ಮೊದಲೇ ಗಟ್ಟಿ ಮನಸ್ಸಿನವರು ಎಂಬುದೂ ಇದಕ್ಕೆ ಒಂದು ಕಾರಣವೇ. ಹಾಗಿದ್ದರೂ ಒಂಟಿಯಾಗಿ, ಗಡುವಿಲ್ಲದೆ ಕಲಿಯುವುದು ಎಷ್ಟು ಕಷ್ಟ ಎಂದು ಈ ಅಂಕಿಗಳು ಹೇಳುತ್ತವೆ. ನೀವು ನಡುವೆ ನಿಲ್ಲಿಸಿದ್ದರೆ ನಿಮ್ಮಲ್ಲಿ ಏನೋ ಕೊರತೆಯಿದೆ ಎಂದು ನೊಂದುಕೊಳ್ಳಬೇಡಿ. ನಿಮಗೊಂದು ಗಡುವು ಬೇಕು, ಅಷ್ಟೇ. ಅದಕ್ಕೆ ದೊಡ್ಡ ಶುಲ್ಕವೇ ಆಗಬೇಕೆಂದಿಲ್ಲ. ಪ್ರತಿ ಭಾನುವಾರ ಸಂಜೆ ಒಬ್ಬರಿಗೊಬ್ಬರು ಕೋಡ್ ತೋರಿಸುವ ಇಬ್ಬರು ಸಹಪಾಠಿಗಳು ಸಿಕ್ಕರೆ ಗಡುವೂ ಸಿಕ್ಕಿತು, ಅರ್ಧದಷ್ಟು ತಿದ್ದುವ ಕಣ್ಣೂ ಸಿಕ್ಕಿತು.

ಹೆಜ್ಜೆ 5: ದಾರಿಗಳನ್ನು ತೂಗಿ ನೋಡಿ

ಸ್ವಂತ ಕಲಿಕೆಯ ಬಗ್ಗೆ ಈಗಾಗಲೇ ಹೇಳಿದ್ದೇನೆ. ಕಡಿಮೆ ಖರ್ಚಿನ ದಾರಿ. ನಾಲ್ಕರಲ್ಲಿ ಯಾವುದನ್ನೂ ಅದು ತಾನಾಗಿ ಕೊಡುವುದಿಲ್ಲ, ಎಲ್ಲವನ್ನೂ ನೀವೇ ಹೊಂದಿಸಿಕೊಳ್ಳಬೇಕು.

ಬೂಟ್‌ಕ್ಯಾಂಪ್‌ಗಳು ಮುಖ್ಯವಾಗಿ ಗಡುವನ್ನೂ ತಿದ್ದುವ ಕಣ್ಣನ್ನೂ ಮಾರುತ್ತವೆ. ಒಳ್ಳೆಯವು ಪರಿಚಯವನ್ನೂ ಕೊಡುತ್ತವೆ. 2012ರ ಸುಮಾರಿಗೆ ಅಮೆರಿಕದಲ್ಲಿ ಆರಂಭವಾದ ಈ ಪದ್ಧತಿಯ ಮೊದಲಿಗರಲ್ಲಿ ಒಂದಾದ ಡೆವ್ ಬೂಟ್‌ಕ್ಯಾಂಪ್ 2017ರಲ್ಲಿಯೇ ಬಾಗಿಲು ಹಾಕಿತು. ಹೆಸರಾಂತ ಸಂಸ್ಥೆಯೂ ಮುಚ್ಚಬಹುದು ಎಂಬ ಎಚ್ಚರ ಇರಲಿ. ಪೂರ್ತಿ ಶುಲ್ಕವನ್ನು ಒಮ್ಮೆಗೇ ಕಟ್ಟಬೇಡಿ. ಸೇರುವ ಮೊದಲು ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

"ಶೇ. 90 ಮಂದಿಗೆ ಕೆಲಸ ಸಿಕ್ಕಿದೆ" ಎಂದರೆ ಯಾರಲ್ಲಿ ಶೇ. 90? ಸೇರಿದವರಲ್ಲೋ, ಮುಗಿಸಿದವರಲ್ಲೋ, ಸಂಸ್ಥೆಯ ಫೋನ್ ಕರೆಗೆ ಉತ್ತರಿಸಿದವರಲ್ಲೋ? ನೂರು ಜನ ಸೇರಿ, ಅರವತ್ತು ಜನ ಮುಗಿಸಿ, ನಲವತ್ತು ಜನ ಉತ್ತರಿಸಿ, ಅವರಲ್ಲಿ ಮೂವತ್ತಾರು ಜನರಿಗೆ ಕೆಲಸ ಸಿಕ್ಕಿದ್ದರೂ ಶೇ. 90 ಎಂದು ಬರೆಯಬಹುದು. ಸಂಸ್ಥೆಯೇ ತನ್ನಲ್ಲಿ ಸಹಾಯಕರಾಗಿ ಇಟ್ಟುಕೊಂಡವರನ್ನು ಆ ಲೆಕ್ಕಕ್ಕೆ ಸೇರಿಸಿದೆಯೇ? ಕಳೆದ ತಂಡದಲ್ಲಿ ನಲವತ್ತು ದಾಟಿದವರು ಎಷ್ಟು ಮಂದಿ, ಅವರಲ್ಲಿ ಇಬ್ಬರ ಜೊತೆ ಮಾತನಾಡಬಹುದೇ? ಪಾಠ ಹೇಳುವವರು ಸ್ವತಃ ಎಷ್ಟು ವರ್ಷ ವೃತ್ತಿಯಲ್ಲಿದ್ದವರು? ಒಂದು ದಿನ ತರಗತಿಯಲ್ಲಿ ಸುಮ್ಮನೆ ಕುಳಿತು ನೋಡಲು ಬಿಡುತ್ತೀರಾ? ಎರಡನೆಯ ವಾರ ಬಿಟ್ಟರೆ ಎಷ್ಟು ಹಣ ಹಿಂತಿರುಗುತ್ತದೆ? ಪ್ರಾಮಾಣಿಕ ಸಂಸ್ಥೆಗಳಿಗೆ ಇವು ಕಷ್ಟದ ಪ್ರಶ್ನೆಗಳೇನಲ್ಲ. "ಸೀಟು ಎರಡೇ ಉಳಿದಿವೆ, ಇಂದೇ ಕಟ್ಟಿ" ಎಂಬ ಉತ್ತರ ಬಂದರೆ ಎದ್ದು ಬನ್ನಿ.

"ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಪಾಲು ಕೊಡಿ" ಎನ್ನುವ ಒಪ್ಪಂದಗಳೂ ಇವೆ. ಕೇಳಲು ಹಿತವಾಗಿದ್ದರೂ ಅದು ಸಾಲವೇ. ಪಾಲು ಎಷ್ಟು, ಎಷ್ಟು ತಿಂಗಳು, ಗರಿಷ್ಠ ಮೊತ್ತ ಎಷ್ಟು, ಹಳೆಯ ವೃತ್ತಿಗೇ ಮರಳಿದರೂ ಕೊಡಬೇಕೇ, ನಡುವೆ ಬಿಟ್ಟರೆ ಏನು? ಸಹಿ ಹಾಕುವ ಮೊದಲು ಕಾನೂನು ಬಲ್ಲ ಒಬ್ಬರಿಗೆ ಆ ಪತ್ರವನ್ನು ತೋರಿಸಿ.

ಪದವಿಯ ದಾರಿ ಉದ್ದ. ಅದು ಕಾಗದವನ್ನು ಕೊಡುತ್ತದೆ, ಅದರ ಜೊತೆಗೆ ದತ್ತಾಂಶ ರಚನೆ (ಮಾಹಿತಿಯನ್ನು ಪ್ರೋಗ್ರಾಂ ಒಳಗೆ ಜೋಡಿಸಿಡುವ ಬಗೆಗಳು), ಆಪರೇಟಿಂಗ್ ಸಿಸ್ಟಂ, ಜಾಲಬಂಧ, ವಿವಿಕ್ತ ಗಣಿತದಂಥ ಬುನಾದಿಯನ್ನೂ ಕೊಡುತ್ತದೆ. ಬೇರೆ ದೇಶದಲ್ಲಿ ಕೆಲಸ ಮಾಡುವ ಉದ್ದೇಶವಿದ್ದರೆ ಅಥವಾ ಸರ್ಕಾರಿ ಹುದ್ದೆಯ ಮೇಲೆ ಕಣ್ಣಿದ್ದರೆ ಪದವಿಯನ್ನು ಗಂಭೀರವಾಗಿ ಪರಿಗಣಿಸಿ. ಅಂಥ ಕಡೆ ನಿಯಮಗಳೇ ಪದವಿಯನ್ನು ಕೇಳುವುದುಂಟು. ಈಗಾಗಲೇ ಯಾವುದೋ ಒಂದು ಪದವಿ ಇದ್ದವರು ಮತ್ತೆ ಮೊದಲಿನಿಂದ ಮೂರು ನಾಲ್ಕು ವರ್ಷ ಓದುವುದಕ್ಕಿಂತ ಸ್ನಾತಕೋತ್ತರ ಪದವಿಯ ಬಾಗಿಲು ತೆರೆದಿದೆಯೇ ನೋಡುವುದು ಜಾಣತನ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆ 2014ರಲ್ಲಿ ಆರಂಭಿಸಿದ ಆನ್‌ಲೈನ್ ಕಂಪ್ಯೂಟರ್ ವಿಜ್ಞಾನ ಸ್ನಾತಕೋತ್ತರ ಕೋರ್ಸ್ ತರಗತಿಯಲ್ಲಿ ಕುಳಿತು ಪಡೆಯುವ ಪದವಿಗಿಂತ ಬಹಳ ಅಗ್ಗ, ಉದ್ಯೋಗದಲ್ಲಿರುವವರಿಗೆಂದೇ ಹೊಂದಿಸಿದ್ದು. ಆದರೆ ಅಲ್ಲಿ ಪ್ರೋಗ್ರಾಮಿಂಗ್ ಮೊದಲೇ ಬರುತ್ತದೆ ಎಂದು ಭಾವಿಸಿಯೇ ಪಾಠ ಶುರುವಾಗುತ್ತದೆ. ಮೊದಲ ಪದವಿಯೇ ಬೇಕಾದವರಿಗೆ ಲಂಡನ್ ವಿಶ್ವವಿದ್ಯಾಲಯ 2019ರಲ್ಲಿ ಕೋರ್ಸೆರಾ ಎಂಬ ಆನ್‌ಲೈನ್ ಕಲಿಕಾ ತಾಣದ ಮೂಲಕ ಆರಂಭಿಸಿದ ಪದವಿಯಂಥವು ಇವೆ. ದೂರಶಿಕ್ಷಣದ ಪದವಿ ಸೇರುವ ಮೊದಲು ನೀವು ಕೆಲಸ ಮಾಡಲಿರುವ ದೇಶದಲ್ಲಿ ಅದಕ್ಕೆ ಮಾನ್ಯತೆ ಇದೆಯೇ ಎಂದು ಸಂಬಂಧಪಟ್ಟ ಪ್ರಾಧಿಕಾರದಲ್ಲಿಯೇ ವಿಚಾರಿಸಿ, ಜಾಹೀರಾತಿನ ಮಾತನ್ನು ನಂಬಬೇಡಿ.

ವಯಸ್ಸಿನ ಲೆಕ್ಕವನ್ನೂ ಇಲ್ಲಿಯೇ ಹಾಕಿ. ನಲವತ್ತೆರಡರಲ್ಲಿ ಸೇರಿ ವಾರಾಂತ್ಯದಲ್ಲಿ ಓದಿ ನಲವತ್ತಾರಕ್ಕೆ ಪದವಿ ಪಡೆದರೆ ದುಡಿಯಲು ಇನ್ನೂ ಹದಿನಾಲ್ಕು ವರ್ಷ ಇರಬಹುದು. ಐವತ್ತೈದರಲ್ಲಿ ಅದೇ ಲೆಕ್ಕ ಹೊಂದುವುದಿಲ್ಲ.

ಇನ್ನೊಂದು ದಾರಿಯಿದೆ, ಯಾವ ಜಾಹೀರಾತಿನಲ್ಲಿಯೂ ಕಾಣಿಸದ್ದು: ಈಗ ಇರುವ ಕೆಲಸದ ಒಳಗಿನಿಂದಲೇ ದಾಟುವುದು. ನಾನು ದಾಟಿದ್ದು ಹೀಗೆ, ಅದಕ್ಕೇ ಇದರ ಬಗ್ಗೆ ಹೆಚ್ಚು ಬರೆಯುತ್ತೇನೆ.

ನಮ್ಮ ವಿಭಾಗದಲ್ಲಿ ಪ್ರತಿ ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟನ್ನು ನಮ್ಮ ಲೆಕ್ಕದೊಂದಿಗೆ ತಾಳೆ ನೋಡಲು ಇಬ್ಬರು ಎರಡು ದಿನ ಕೂರುತ್ತಿದ್ದೆವು. ನಾಲ್ಕು ತಿಂಗಳ ಕಲಿಕೆಯ ನಂತರ ಆ ತಾಳೆಯನ್ನು ಮಾಡುವ ಪೈಥಾನ್ ಪ್ರೋಗ್ರಾಂ ಬರೆದೆ. ಓಡಿಸಿದಾಗ ತಿಂಗಳ ಉತ್ತರಾರ್ಧದ ನಮೂದುಗಳು ಚೆನ್ನಾಗಿ ಹೊಂದಿದವು. ಮೊದಲ ಹನ್ನೆರಡು ದಿನಗಳವು ಮಾತ್ರ ಎಲ್ಲೆಲ್ಲೋ ಚದುರಿದ್ದವು. ದೋಷ ಸಂದೇಶ ಒಂದೂ ಇಲ್ಲ. ಎರಡು ಸಂಜೆ ಅದರ ಮುಂದೆ ಕುಳಿತೆ. ಬ್ಯಾಂಕ್ ಕಡತದಲ್ಲಿ 03/04 ಎಂದರೆ ಏಪ್ರಿಲ್ 3. ನಾನು ಬಳಸಿದ ಪ್ರೋಗ್ರಾಂ ಭಾಗ ಅದನ್ನು ಮಾರ್ಚ್ 4 ಎಂದು ಓದುತ್ತಿತ್ತು. 13/04 ಬಂದಾಗ, ಹದಿಮೂರನೆಯ ತಿಂಗಳೆಂಬುದು ಇಲ್ಲದ ಕಾರಣ, ತಾನಾಗಿ ತಿರುಗಿಸಿ ಏಪ್ರಿಲ್ 13 ಎಂದು ಸರಿಯಾಗಿ ಓದುತ್ತಿತ್ತು. ಹೀಗಾಗಿ ತಪ್ಪು ಹನ್ನೆರಡನೆಯ ದಿನದವರೆಗೆ ಮಾತ್ರ. ಹನ್ನೆರಡು ಎಂಬ ಆ ಗಡಿ ಕಣ್ಣಿಗೆ ಬಿದ್ದದ್ದು ನಾನು ಹದಿನೇಳು ವರ್ಷ ತಾಳೆ ನೋಡಿದ್ದರಿಂದ. ಕೋಡಿಂಗ್ ಮಾತ್ರ ಬಲ್ಲವರು ಆ ಫಲಿತಾಂಶವನ್ನು ಸರಿ ಎಂದೇ ಕಳುಹಿಸಿಬಿಡುವ ಸಾಧ್ಯತೆಯಿತ್ತು.

ಆ ಪ್ರೋಗ್ರಾಂ ನನಗೆ ಮೂರನ್ನು ಒಟ್ಟಿಗೆ ತಂದುಕೊಟ್ಟಿತು. ತಿಂಗಳ ಕೊನೆ ಎಂಬ ತಪ್ಪದ ಗಡುವು. ಕೋಡ್ ನೋಡಲು ಕುತೂಹಲದಿಂದ ಬಂದು ಆಮೇಲೆ ವಾರಕ್ಕೊಮ್ಮೆ ತಿದ್ದಿಕೊಟ್ಟ ತಾಂತ್ರಿಕ ವಿಭಾಗದ ಹಿರಿಯರೊಬ್ಬರು. ಮತ್ತು ಅವರ ಮೂಲಕ, ಒಂದೂವರೆ ವರ್ಷದ ನಂತರ, ಅದೇ ವಿಭಾಗದಲ್ಲಿ ತೆರವಾದ ಹುದ್ದೆ. ನೀವೂ ನಿಮ್ಮ ಕಚೇರಿಯಲ್ಲಿ ಎಲ್ಲರೂ ಗೊಣಗುತ್ತ ಮಾಡುವ ಒಂದು ಪುನರಾವರ್ತಿತ ಕೆಲಸವನ್ನು ಹುಡುಕಿ. ಮೇಲಧಿಕಾರಿಯ ಒಪ್ಪಿಗೆ ಪಡೆದೇ ಮಾಡಿ, ಕಚೇರಿಯ ದತ್ತಾಂಶವನ್ನು ಮನೆಯ ಕಂಪ್ಯೂಟರಿಗೆ ಒಯ್ಯಬೇಡಿ. ಮನೆಯಲ್ಲಿ ಅಭ್ಯಾಸ ಮಾಡಲು ಕಲ್ಪಿತ ಹೆಸರು, ಕಲ್ಪಿತ ಮೊತ್ತಗಳ ಕಡತವೊಂದನ್ನು ತಯಾರಿಸಿಕೊಂಡರೆ ಸಾಕು.

ಹೆಜ್ಜೆ 6: ಎಐ ಸಹಾಯಕರನ್ನು ಎಲ್ಲಿಡಬೇಕು

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ "ಇನ್ನು ಕೋಡಿಂಗ್ ಕಲಿತು ಏನು ಪ್ರಯೋಜನ" ಎಂಬ ಅಳುಕು ಎಲ್ಲರಿಗೂ ಇದೆ. ಸರಳವಾದ ಕೋಡನ್ನು ಈ ಉಪಕರಣಗಳು ಕ್ಷಣದಲ್ಲಿ ಬರೆಯುತ್ತವೆ, ಅದು ನಿಜ. ಹಾಗಾಗಿ ಸರಳ ಕೋಡನ್ನಷ್ಟೇ ಕಲಿಸಿ ಕಳುಹಿಸುವ ಕೋರ್ಸ್‌ಗೆ ಈಗ ದುಡ್ಡು ಕೊಡುವುದು ತರವಲ್ಲ. ಬೇರೆಯವರು ಬರೆದ ಕೋಡ್ ಓದುವುದು, ಪರೀಕ್ಷೆಗೆ ಒಡ್ಡುವುದು, ಎಲ್ಲಿ ತಪ್ಪಾದೀತು ಎಂದು ಊಹಿಸುವುದು ಇವನ್ನು ಕಲಿಸುತ್ತಾರೆಯೇ ಎಂದು ಕೇಳಿ. ಮೇಲೆ ಹೇಳಿದ ಹನ್ನೆರಡನೆಯ ದಿನದ ತಪ್ಪು ಎಐ ಬರೆದ ಕೋಡಿನಲ್ಲಿಯೂ ಅಷ್ಟೇ ಸಲೀಸಾಗಿ ನುಸುಳಬಲ್ಲದು.

ಕಲಿಯುವಾಗ ಮೊದಲ ಮೂರು ತಿಂಗಳು ಅದರಿಂದ ಕೋಡ್ ಬರೆಸಬೇಡಿ. "ನನ್ನ ಈ ಸಾಲು ಏಕೆ ಹೀಗೆ ವರ್ತಿಸಿತು, ವಿವರಿಸು" ಎಂದು ಕೇಳಿ. ನಡುರಾತ್ರಿಯಲ್ಲೂ ಬೇಸರವಿಲ್ಲದೆ ವಿವರಿಸುವ ಸಹಾಯಕ ಸಿಕ್ಕಿರುವುದು ಒಂಟಿಯಾಗಿ ಕಲಿಯುವವರಿಗೆ ದೊಡ್ಡ ಅನುಕೂಲ. ಅದು ಹೇಳಿದ್ದನ್ನು ಓಡಿಸಿ ನೋಡಿಯೇ ನಂಬಿ.

ಹೆಜ್ಜೆ 7: ಮೊದಲ ವರ್ಷದ ಏರ್ಪಾಡು

ಹತ್ತು ವಾರಗಳ ಪರೀಕ್ಷೆಯ ನಂತರ ದಾರಿ ಯಾವುದೇ ಆಗಲಿ, ಮುಂದಿನ ಮೂರು ತಿಂಗಳು ಒಂದು ಭಾಷೆ ಮತ್ತು ಎಸ್‌ಕ್ಯೂಎಲ್ ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಅದೇ ಹೊತ್ತಿಗೆ ಗಿಟ್ ಬಳಕೆಯನ್ನು ರೂಢಿಸಿಕೊಳ್ಳಿ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಈ ಸಾಧನ ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುತ್ತದೆ. ಇದಿಲ್ಲದೆ ಇಂದು ಬಹುತೇಕ ತಂಡಗಳಲ್ಲಿ ಕೆಲಸ ಸಾಗುವುದಿಲ್ಲ. ಆಮೇಲಿನ ನಾಲ್ಕು ತಿಂಗಳು ಒಂದೇ ಯೋಜನೆ. ಪಾಠದಲ್ಲಿ ತೋರಿಸಿದ ಹವಾಮಾನ ಆಪ್ ಬೇಡ, ಅಂಥವು ಸಾವಿರಾರಿವೆ. ನಿಮ್ಮ ಹೊರತು ಇನ್ನೊಬ್ಬರು ನಿಜವಾಗಿ ಬಳಸುವ ಒಂದು ಪ್ರೋಗ್ರಾಂ ಕಟ್ಟಿ. ಆ ಇನ್ನೊಬ್ಬರು ಮೊದಲ ದಿನವೇ ನೀವು ಊಹಿಸದ ಗುಂಡಿ ಒತ್ತುತ್ತಾರೆ, ಅಲ್ಲಿಂದ ನಿಜವಾದ ಕಲಿಕೆ ಶುರುವಾಗುತ್ತದೆ. ಉಳಿದ ಸಮಯ ದತ್ತಾಂಶ ರಚನೆಯ ಮೂಲಪಾಠಕ್ಕೂ ಸಂದರ್ಶನದ ತಯಾರಿಗೂ ಇರಲಿ.

ಆರನೆಯ ತಿಂಗಳ ಕೊನೆಯಲ್ಲಿ ಒಂದು ದಿನ ಕುಳಿತು ಮರುವಿಮರ್ಶೆ ಮಾಡಿ. ಯೋಜಿಸಿದ ಗಂಟೆಗಳಲ್ಲಿ ಮುಕ್ಕಾಲು ಪಾಲು ಕುಳಿತಿದ್ದೀರಾ? ಪಾಠ ನೋಡದೆ ನೂರು ಸಾಲಿನ ಪ್ರೋಗ್ರಾಂ ಬರೆಯಬಲ್ಲಿರಾ? ಎರಡಕ್ಕೂ ಇಲ್ಲವೆಂದಾದರೆ ದಾರಿ ಬದಲಿಸುವ ಹೊತ್ತು, ಗುರಿ ಬಿಡಬೇಕೆಂದೇನಿಲ್ಲ. ಸ್ವಂತ ಕಲಿಕೆಯಲ್ಲಿದ್ದವರು ಸಂಜೆಯ ತರಗತಿಗೆ, ಬೂಟ್‌ಕ್ಯಾಂಪ್‌ನ ವೇಗಕ್ಕೆ ಸೋತವರು ನಿಧಾನದ ಅರೆಕಾಲಿಕ ಕೋರ್ಸ್‌ಗೆ ಹೋಗಬಹುದು.

ಹೆಜ್ಜೆ 8: ಹಳೆಯ ಕೆಲಸವನ್ನು ಯಾವಾಗ ಬಿಡಬೇಕು

ಹೊಸ ಕ್ಷೇತ್ರದ ಮೊದಲ ಸಂಬಳ ಈಗಿನದಕ್ಕಿಂತ ಕಡಿಮೆ ಇರುವುದೇ ಹೆಚ್ಚು. ಹಾಗಾಗಿ ಕೆಲಸ ಬದಲಿಸುವ ಮೂರು ತಿಂಗಳ ಮೊದಲೇ ಆ ಕಡಿಮೆ ಸಂಬಳದಲ್ಲಿ ಮನೆ ನಡೆಸಿ ನೋಡಿ. ಉಳಿದ ಮೊತ್ತವನ್ನು ಮುಟ್ಟದೆ ಪಕ್ಕಕ್ಕಿಡಿ. ಕಷ್ಟವಾದರೆ ಎಲ್ಲಿ ಕಷ್ಟ ಎಂದು ಆಗಲೇ ತಿಳಿಯುತ್ತದೆ, ಕೂಡಿಟ್ಟ ಹಣವೂ ಕೈಯಲ್ಲಿರುತ್ತದೆ.

ಸಂದರ್ಶನದಲ್ಲಿ "ಈ ವಯಸ್ಸಿನಲ್ಲಿ ಏಕೆ" ಎಂದು ಕೇಳಿಯೇ ಕೇಳುತ್ತಾರೆ. ಆಗ ವಿವರಣೆ ಕೊಡಲು ಹೋಗದೆ ನಿಮ್ಮ ಯೋಜನೆಯನ್ನು ತೆರೆದು ತೋರಿಸಿ, ಅದರಲ್ಲಿ ಸಿಕ್ಕ ಒಂದು ತಪ್ಪು ಮತ್ತು ಅದನ್ನು ಹಿಡಿದ ಬಗೆಯನ್ನು ಹೇಳಿ. ನಾನು ಹನ್ನೆರಡನೆಯ ದಿನದ ಕಥೆಯನ್ನೇ ಹೇಳಿದ್ದೆ.

ನೇಮಕಾತಿ ಪತ್ರ ಕೈಗೆ ಬಂದ ಮೇಲೂ ಅದರಲ್ಲಿ ಪ್ರೊಬೇಷನ್ ಅವಧಿ ಎಷ್ಟು, ಆ ಅವಧಿಯಲ್ಲಿ ಎಷ್ಟು ದಿನದ ಸೂಚನೆ ಕೊಟ್ಟು ತೆಗೆದುಹಾಕಬಹುದು, ಆರೋಗ್ಯ ವಿಮೆ ಯಾವ ದಿನದಿಂದ ಅನ್ವಯಿಸುತ್ತದೆ ಎಂಬ ಮೂರನ್ನು ಓದಿ. ಸಂದೇಹವಿದ್ದರೆ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ರಾಜೀನಾಮೆ ಪತ್ರ ಅದಾದ ಮೇಲೆ.